ಮರದ ಮೆಟ್ಟಿಲು ಲೆಕ್ಕಕ್ಕಿಂತ 350 ಮಿ.ಮೀ. ಮುಂದೆ ಬರ್ತಿದೆ, ಎಲ್ಲಿ ತಪ್ಪಿದೆ?

ಉಳಿಪೆಟ್ಟು: ತಲೆ ಕೆಟ್ಟುಹೋಗಿದೆ. ತಿರುವಿಲ್ಲದ ನೇರ ಮೆಟ್ಟಿಲು. ನಕ್ಷೆಯಲ್ಲಿರೋ ಹಾಗೇ ಸ್ಟ್ರಿಂಗರ್ (ಮೆಟ್ಟಿಲನ್ನ ಹೊರೋ ಓರೆ ಹಲಗೆ) ಮೇಲೆ ಗುರುತು ಹಾಕಿದೆ. ಅದೇ ಗುರುತನ್ನ ಗೋಡೆ ಮೇಲೆ ಎಳೆದು ನೋಡಿದರೆ ಕೆಳತುದಿ 350 ಮುಂದೆ ಬಂದು ಬಾಗಿಲಿಗೇ ಅಡ್ಡ! ಹಲಗೆ ಕೊಯ್ದಿಲ್ಲ, ಅದೊಂದು ಪುಣ್ಯ.

ಗರಗಸ: ಟ್ರೆಡ್, ಅಂದರೆ ಕಾಲಿಡೋ ಹಲಗೆ, ಒಂದು ಜಾಸ್ತಿ ಎಣಿಸಿದ್ದೀರಿ. ರೈಸರ್‌ಗಿಂತ (ಒಂದೊಂದು ಮೆಟ್ಟಿಲಿನ ಏರು) ಟ್ರೆಡ್ ಒಂದು ಕಡಿಮೆ ಇರಬೇಕು, ಕೊನೇ ಹೆಜ್ಜೆ ಇಡೋದು ಮಹಡಿ ನೆಲದ ಮೇಲೇ ಅಲ್ವಾ.

ಉಳಿಪೆಟ್ಟು: ಅಷ್ಟು ಗೊತ್ತು ಸಾರ್. ರೈಸರ್ 15, ಟ್ರೆಡ್ 14.

ಗರಗಸ: ಇನ್ನೊಮ್ಮೆ ಎಣಿಸಿ. ಎಲ್ಲರೂ ಎಡವೋದು ಅಲ್ಲೇ.

ಉಳಿಪೆಟ್ಟು: ಮೂರು ಸಲ ಎಣಿಸಿದೆ, 14! ಪ್ರತಿ ಟ್ರೆಡ್‌ಗೆ ಎರಡರಂತೆ ಸಣ್ಣ ನ್ಯೂಯೆಲ್ ಬೇರೆ ಕಡೆದಿಟ್ಟಿದ್ದೀನಿ.

ಸುರುಳಿ: ಅವು ನ್ಯೂಯೆಲ್ ಅಲ್ಲ, ಬ್ಯಾಲಸ್ಟರ್, ರೇಲಿಂಗ್ ಕೆಳಗೆ ಸಾಲಾಗಿ ನಿಲ್ಲೋ ಸಣ್ಣ ಕಂಬ. ರೇಲಿಂಗ್‌ನ ತುದಿ ಹಿಡಿದು ನಿಲ್ಲೋ ದಪ್ಪ ಕಂಬ ನ್ಯೂಯೆಲ್. ಮೊದಲು ಸುರುಳಿ ಮೆಟ್ಟಿಲಿನ ನಡುಗಂಬಕ್ಕೆ ಆ ಹೆಸರು. ನನ್ನದು ಅಂಥದ್ದೇ, ನಡುಗಂಬ ಇಡೀ ಒಂದೇ ಮರದ್ದು. ಫೋಟೊ ಹಾಕ್ತೀನಿ.

ಗರಗಸ: ಫೋಟೊ ಕೇಳಿದವರು ಯಾರು? ಕಂಬ ಅಂದರೆ ಸಾಕು, ಅರ್ಥ ಆಗುತ್ತೆ.

ಸುರುಳಿ: ಆಗಲ್ಲ. ಬ್ಯಾಲಸ್ಟರ್ ಅನ್ನೋ ಪದದ ಮೂಲ ಕಾಡುದಾಳಿಂಬೆ ಹೂವು, ಗ್ರೀಕ್‌ನಿಂದ ಇಟಾಲಿಯನ್‌ಗೆ ಬಂದದ್ದು. ಹೂವಿನ ಹಾಗೆ ಉಬ್ಬಿರುತ್ತೆ ನೋಡಿ. ಎಲ್ಲಾನೂ ಕಂಬ ಅಂದರೆ ಹೇಗೆ?

ರಸಮಟ್ಟ: ಜಗಳ ಆಮೇಲೆ ಆಡಿ. ಟ್ರೆಡ್ ಒಂದು ಹೆಚ್ಚಾದರೆ ಒಂದು ಟ್ರೆಡ್‌ನಷ್ಟೇ ತಾನೆ ವ್ಯತ್ಯಾಸ ಬರೋದು? 350 ಅಗಲದ ಟ್ರೆಡ್ ಯಾರು ಹಾಕ್ತಾರೆ? 350ನ್ನ 14ರಿಂದ ಭಾಗಿಸಿದರೆ 25. ಉಳಿಪೆಟ್ಟು, ನಿಮ್ಮ ನೋಸಿಂಗ್, ಅಂದರೆ ಟ್ರೆಡ್ ಮುಂದಕ್ಕೆ ಚಾಚಿದ ಮೂಗು, ಎಷ್ಟು?

ಉಳಿಪೆಟ್ಟು: 25. ಅದನ್ನೂ ಹೇಳಬೇಕಿತ್ತಾ? ಟ್ರೆಡ್ ಹಲಗೆ 275, ಎತ್ತರ 2700.

ರಸಮಟ್ಟ: ಅದನ್ನೇ ಹೇಳಬೇಕಿತ್ತು! ಟ್ರೆಡ್ ಅಂದರೆ ಕಾಲಿಡೋ ಹಲಗೆ ಪೂರ್ತಿ, ಮುಂದೆ ಚಾಚಿದ ಮೂಗೂ ಸೇರಿ. ಗೋಯಿಂಗ್ ಅಂದರೆ ಒಂದು ಮೂಗಿನ ತುದಿಯಿಂದ ಮುಂದಿನ ಮೂಗಿನ ತುದಿವರೆಗೆ ಅಡ್ಡಕ್ಕೆ ಅಳೆದದ್ದು. ಮೂಗು ಕೆಳಗಿನ ಟ್ರೆಡ್ ಮೇಲೆ ಚಾಚಿರೋದರಿಂದ ಜಾಗ ತಿನ್ನಲ್ಲ. ಸ್ಟ್ರಿಂಗರ್ ಮೇಲೆ ಗುರುತು ಮಾಡಬೇಕಾದದ್ದು ಗೋಯಿಂಗ್, 250. ನೀವು 275 ಹಾಕಿದ್ದೀರಿ. 3500 ಆಗಬೇಕಾದದ್ದು 3850 ಆಯ್ತು.

ಗರಗಸ: 275 ಇದ್ದರೇ ಹತ್ತೋಕೆ ಆರಾಮ. ಬಾಗಿಲು ಸರಿಸಿ.

ರಸಮಟ್ಟ: ಬಾಗಿಲು ಯಾಕೆ ಸ್ವಾಮಿ? ಎರಡು ರೈಸರ್, ಒಂದು ಗೋಯಿಂಗ್ ಕೂಡಿದರೆ ಸುಮಾರು 600ರಿಂದ 640ರೊಳಗೆ ಇರಲಿ ಅಂತಾರೆ, 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಬ್ಲಾಂಡೆಲ್ ಸೂತ್ರದ ಪ್ರಕಾರ. ನಿಮ್ಮ ಎತ್ತರ 2700ನ್ನ 15 ರೈಸರ್ ಮೇಲೆ ಹಂಚಿದರೆ ಒಂದಕ್ಕೆ 180. 180, 180, 250. 610 ಆಯ್ತಲ್ಲ.

ಉಳಿಪೆಟ್ಟು: ಗುರುತು ಅಳಿಸಿ 250ಕ್ಕೆ ಹಾಕಿದೆ. ಬಾಗಿಲು ತೆರೀತು!

ಗರಗಸ: ಟ್ರೆಡ್ ಮಾತ್ರ ಇನ್ನೊಮ್ಮೆ ಎಣಿಸಿಬಿಡಿ.

ಸುರುಳಿ: ಫೋಟೊ ಹಾಕಿದೀನಿ. ನಡುವೆ ಇರೋದು ನ್ಯೂಯೆಲ್.