ಕೂಲೆಂಟ್ ದೀಪ ಹತ್ತುತ್ತದೆ, ಮುಳ್ಳು ಮಾತ್ರ ನಡು ಬಿಟ್ಟು ಕದಲುವುದಿಲ್ಲ

ನೇರ_ಆರು

ಎಲ್ಲರಿಗೂ ನಮಸ್ಕಾರ. ನನ್ನದು 2002ರ ಬಿಎಂಡಬ್ಲ್ಯು 530ಐ, ಇ39 ಅಂತ ಕರೆಯುವ ತಲೆಮಾರಿನ 5 ಸೀರೀಸ್, ಆರು ಸಿಲಿಂಡರ್. ಐದು ಗೇರಿನ ಮ್ಯಾನುವಲ್, ಓಡಿರುವುದು 1,84,000 ಕಿ.ಮೀ. ನನ್ನ ಕೈಗೆ ಬಂದು ಹದಿನಾಲ್ಕು ತಿಂಗಳಾಯಿತು.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಕಡಿಮೆ ಅಂತ ದೀಪ ಹತ್ತುತ್ತದೆ. ನಾಲ್ಕೈದು ಕಿಲೋಮೀಟರ್ ಹೋಗುವಷ್ಟರಲ್ಲಿ ತಾನೇ ಆರುತ್ತದೆ. ಈ ತಿಂಗಳು ಎರಡು ಸಲ ಕಾಲು ಕಾಲು ಲೀಟರ್ ಸುರಿದಿದ್ದೇನೆ. ಕೆಳಗೆ ಒಂದು ಹನಿಯೂ ಬಿದ್ದಿಲ್ಲ. ರಟ್ಟು ಹಾಸಿ ರಾತ್ರಿಯಿಡೀ ನಿಲ್ಲಿಸಿದೆ, ರಟ್ಟು ಒಣಗಿಯೇ ಇತ್ತು. ಆದರೆ ಓಡಿಸಿ ಬಂದು ಆಫ್ ಮಾಡಿ ಬಾನೆಟ್ ಹತ್ತಿರ ನಿಂತರೆ ಒಂಥರಾ ಸಿಹಿ ವಾಸನೆ. ಪಾಕ ಸೀದ ಹಾಗೆ.

ಟೆಂಪರೇಚರ್ ಮುಳ್ಳು ಮಾತ್ರ ಸರಿಯಾಗಿ ನಡುವಿನಲ್ಲಿ ನಿಂತಿದೆ. ಗ್ಯಾರೇಜಿನವರು "ಮುಳ್ಳು ಸರಿ ಇದೆಯಲ್ಲ ಸರ್, ಸುಮ್ನೆ ಟಾಪ್ ಅಪ್ ಮಾಡಿಕೊಂಡು ಓಡಿಸಿ" ಅಂದರು. ಹಾಗೇ ಓಡಿಸಬಹುದಾ?

ಇನ್ನೊಂದು ಪ್ರಶ್ನೆ, ಸ್ವಲ್ಪ ನಾಚಿಕೆಯಿಂದಲೇ ಕೇಳುತ್ತಿದ್ದೇನೆ. ಒಂದು ಇ39 ಎಂ5 (ಇದೇ ಕಾರಿನ ವಿ8 ಸ್ಪೋರ್ಟ್ಸ್ ರೂಪ) ಮಾರಾಟಕ್ಕಿದೆ. ಹೇಗೂ ರಿಪೇರಿಗೆ ದುಡ್ಡು ಹಾಕಬೇಕು ಅಂದರೆ, ಇದನ್ನು ಕೊಟ್ಟು ಅದಕ್ಕೇ ಹಾಕಿದರೆ ಹೇಗೆ? ಮನೆಯಲ್ಲಿ ಈ ವಿಷಯ ಇನ್ನೂ ಎತ್ತಿಲ್ಲ.

ಹಳೇ_ಸ್ಪ್ಯಾನರ್

ಮೊದಲು ಆ ಮುಳ್ಳಿನ ಮೇಲಿನ ನಂಬಿಕೆ ಬಿಡಿ. ಇ39ರ ಮುಳ್ಳು ನಿಜವಾದ ತಾಪಮಾನ ತೋರಿಸುವುದಿಲ್ಲ. ಸುಮಾರು 75 ಡಿಗ್ರಿಯಿಂದ 110ರ ಆಸುಪಾಸಿನವರೆಗೂ ಅದನ್ನು ನಡುವಿನಲ್ಲೇ ನಿಲ್ಲಿಸುವ ಹಾಗೆ ಮಾಡಿದ್ದಾರೆ. ಟ್ರಾಫಿಕ್ಕಿನಲ್ಲಿ ಸ್ವಲ್ಪ ಏರಿ ಇಳಿದರೆ ಓಡಿಸುವವರು ಗಾಬರಿ ಆಗಬಾರದಲ್ಲ, ಅದಕ್ಕೆ. ಹೊಸ ಕಾರಿನಲ್ಲಿ ಇದು ಸರಿ. ಇಪ್ಪತ್ತು ದಾಟಿದ ಕಾರಿನಲ್ಲಿ ಆ ಮುಳ್ಳು ಅಲ್ಲಾಡಿತು ಅಂದರೆ ಆಗಲೇ ತಡವಾಗಿದೆ ಅಂತ ಅರ್ಥ.

ನನ್ನ ಮೊದಲ 530ಐ ಹೋಗಿದ್ದು ಹೀಗೇ. ಏರುದಾರಿ, ಎಸಿ ಆನ್, ಮುಳ್ಳು ನಡುವಿನಲ್ಲಿ. ಆಮೇಲೆ ಒಂದೇ ಏಟಿಗೆ ಕೆಂಪಿಗೆ ಹೋಯಿತು. ಇನ್ನು ಎರಡು ಕಿಲೋಮೀಟರ್ ತಾನೇ ಅಂತ ನಾನು ನಿಲ್ಲಿಸಲಿಲ್ಲ. ತಪ್ಪು ನನ್ನದೇ, ಕಾರಿನದ್ದಲ್ಲ. 530ಐನ ಈ ಎಂ54 ಇಂಜಿನ್ನಿನಲ್ಲಿ ಬ್ಲಾಕ್, ಅದರ ಮೇಲೆ ಕೂರುವ ಹೆಡ್ ಎರಡೂ ಅಲ್ಯೂಮಿನಿಯಂ. ಸಿಲಿಂಡರಿಗೆ ಮಾತ್ರ ಕಬ್ಬಿಣದ ಲೈನರ್. ಹೆಡ್ ಬಿಚ್ಚಿ, ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಇಟ್ಟು ಬೋಲ್ಟ್ ಬಿಗಿಯುತ್ತಿದ್ದೆವು. ಹಿಂದಿನ ಸಾಲಿನ ಒಂದು ಬೋಲ್ಟ್ ಬಿಗಿಯಾಗುವ ಬದಲು ಸುಮ್ನೆ ತಿರುಗತೊಡಗಿತು. ಹೊರಗೆ ತೆಗೆದರೆ ಅದರ ಹಲ್ಲಿಗೆ ಅಲ್ಯೂಮಿನಿಯಂ ಸುರುಳಿ ಸುತ್ತಿಕೊಂಡು ಬಂತು, ಪೆನ್ಸಿಲ್ ಹೆರೆದಾಗ ಬರುವ ಸಿಪ್ಪೆಯ ಹಾಗೆ. ಬ್ಲಾಕಿನ ತ್ರೆಡ್ಡೇ ಕಿತ್ತು ಬಂದಿತ್ತು. ಬೇರೆ ಇಂಜಿನ್ ಹುಡುಕಬೇಕಾಯಿತು. ಇಷ್ಟಕ್ಕೆಲ್ಲ ಮೂಲ ಕೂಲೆಂಟಿನ ಒಂದು ಪ್ಲಾಸ್ಟಿಕ್ ಟ್ಯಾಂಕು.

ನಿಜವಾದ ತಾಪಮಾನ ನೋಡಲು ದಾರಿ ಇದೆ. ಮೀಟರಿನಲ್ಲೇ ಒಂದು ಗುಪ್ತ ಮೆನು ಇದೆ. ಕೀ ಮೊದಲ ಹಂತದಲ್ಲಿಟ್ಟು ಎಡಗಡೆ ಟ್ರಿಪ್ ಗುಂಡಿ ಒತ್ತಿ ಹಿಡಿಯಿರಿ, ಟೆಸ್ಟ್ 1 ಅಂತ ಬರುತ್ತದೆ. ಅಲ್ಲಿ ನಿಮ್ಮ ಷಾಸಿ ನಂಬರ್ ಕಾಣುತ್ತದೆ. ಕೊನೆಯ ಐದು ಅಂಕಿಗಳನ್ನು ಕೂಡಿಸಿ ಇಟ್ಟುಕೊಳ್ಳಿ. ಟೆಸ್ಟ್ 19ಕ್ಕೆ ಹೋದರೆ ಅಂಕಿಗಳು ತಾವೇ ಓಡುತ್ತವೆ. ನಿಮ್ಮ ಮೊತ್ತ ಬಂದಾಗ ಗುಂಡಿ ಒತ್ತಿ, ಬೀಗ ತೆರೆಯುತ್ತದೆ. ಆಮೇಲೆ ಟೆಸ್ಟ್ 7, ಅದೇ ಕೂಲೆಂಟ್ ಡಿಗ್ರಿ. ನಿಮ್ಮ ಥರ್ಮೋಸ್ಟಾಟ್ (ರೇಡಿಯೇಟರಿಗೆ ಕೂಲೆಂಟ್ ಬಿಡುವ ಕವಾಟ) 97 ಡಿಗ್ರಿಯದ್ದು. ಹಾಗಾಗಿ 95ರಿಂದ 100 ಕಂಡರೆ ಹೆದರಬೇಡಿ. ಟ್ರಾಫಿಕ್ಕಿನಲ್ಲಿ 105 ದಾಟಿ ಏರುತ್ತಲೇ ಹೋದರೆ ಮೊದಲು ಫ್ಯಾನಿನ ವಿಸ್ಕಸ್ ಕ್ಲಚ್ (ಬಿಸಿ ಏರಿದಾಗ ಫ್ಯಾನನ್ನು ಜೋರಾಗಿ ತಿರುಗಿಸುವ ಜೋಡಣೆ) ನೋಡಿ.

ಆದರೆ ಒಂದು ಎಚ್ಚರಿಕೆ. ಸೆನ್ಸರ್ ಅಳೆಯುವುದು ತನ್ನನ್ನು ಮುಟ್ಟಿದ ನೀರನ್ನು. ನೀರೇ ಖಾಲಿಯಾದರೆ ಆ ಅಂಕಿಯನ್ನೂ ನಂಬುವ ಹಾಗಿಲ್ಲ.

ಬೆಳಿಗ್ಗೆ ದೀಪ ಹತ್ತಿ ಆಮೇಲೆ ಆರುವುದರಲ್ಲಿ ಮಾಯೆ ಏನಿಲ್ಲ. ಬಿಸಿಯಾದಾಗ ಕೂಲೆಂಟ್ ಹಿಗ್ಗುತ್ತದೆ, ಮಟ್ಟ ಏರುತ್ತದೆ, ದೀಪ ಆರುತ್ತದೆ. ಅಂದರೆ ನಿಮ್ಮ ಕಾರಿನಲ್ಲಿ ನೀರು ನಿಜವಾಗಿಯೂ ಕಡಿಮೆ ಇದೆ. ಸಿಹಿ ವಾಸನೆ ಕೂಲೆಂಟಿನಲ್ಲಿರುವ ಗ್ಲೈಕಾಲಿನದ್ದು. ಎಲ್ಲೋ ಬಿಸಿ ಜಾಗದಲ್ಲಿ ಸೋರಿ ಅಲ್ಲೇ ಆರಿಹೋಗುತ್ತಿದೆ.

ಇಂಜಿನ್ ಪೂರ್ತಿ ತಣ್ಣಗಿರುವಾಗ ಪ್ರೆಶರ್ ಟೆಸ್ಟರ್ ಹಾಕಿ 1.5 ಬಾರ್ ತನಕ ಪಂಪ್ ಮಾಡಿ. ಟಾರ್ಚ್ ಹಿಡಿದು ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ (ಹಿಗ್ಗಿದ ಕೂಲೆಂಟ್ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ) ಜೋಡಣೆ ಗೆರೆ, ರೇಡಿಯೇಟರಿನ ಮೇಲಿನ ಹೋಸ್ ಕೂರುವ ಕತ್ತು, ಥರ್ಮೋಸ್ಟಾಟ್ ಮನೆ, ವಾಟರ್ ಪಂಪಿನ ಕೆಳಗಿರುವ ಸಣ್ಣ ತೂತು ನೋಡಿ. ಬಿಳಿ ಪುಡಿ ಕಟ್ಟಿದ್ದರೆ ಅದೇ ಜಾಗ. ಸಿಕ್ಕ ಮೇಲೆ ಅದೊಂದನ್ನೇ ಬದಲಿಸಬೇಡಿ. ಟ್ಯಾಂಕ್, ಮುಚ್ಚಳ, ಥರ್ಮೋಸ್ಟಾಟ್, ಪಂಪ್, ಎರಡೂ ಹೋಸ್ ಒಟ್ಟಿಗೇ ಮಾಡಿ ಮುಗಿಸಿ. ಎಲ್ಲದರ ವಯಸ್ಸೂ ಒಂದೇ ಅಲ್ವಾ.

ಎಂಟು_ಥ್ರಾಟಲ್

ಒಂಬತ್ತು ವರ್ಷದಿಂದ ಇ39 ಎಂ5 ಇಟ್ಟುಕೊಂಡವನು ನಾನು. ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ.

4,941 ಸಿಸಿ ವಿ8, 400 ಅಶ್ವಶಕ್ತಿ, ಆರು ಗೇರಿನ ಮ್ಯಾನುವಲ್ ಬಿಟ್ಟರೆ ಬೇರೆ ಗೇರ್‌ಬಾಕ್ಸ್ ಇಲ್ಲ. ಸಿಲಿಂಡರಿಗೊಂದರಂತೆ ಎಂಟು ಥ್ರಾಟಲ್ (ಗಾಳಿ ಬಿಡುವ ಕವಾಟ). ಕಾಲಿಟ್ಟ ಕೂಡಲೇ ಬರುವ ಆ ಎಳೆತ ಟರ್ಬೋ ಇಂಜಿನ್ನುಗಳಲ್ಲಿ ನನಗೆ ಸಿಕ್ಕಿಲ್ಲ. ಬೇಡ ಅನ್ನಲು ನನ್ನ ಬಾಯಿ ಬರುವುದಿಲ್ಲ. ಆದರೆ ನಿಮ್ಮ 530ಐ ಕೇಳುವುದೆಲ್ಲವನ್ನೂ ಇದು ಕೇಳುತ್ತದೆ, ಅದರ ಮೇಲೆ ತನ್ನದೂ ಒಂದು ಪಟ್ಟಿ ಇಡುತ್ತದೆ. ವ್ಯಾನೋಸ್ (ವಾಲ್ವ್ ತೆರೆಯುವ ಸಮಯ ಬದಲಿಸುವ ವ್ಯವಸ್ಥೆ), ಟೈಮಿಂಗ್ ಚೈನ್ ಹಿಡಿದಿಡುವ ಗೈಡ್, ನಾಲ್ಕು ಕ್ಯಾಮ್ ಸೆನ್ಸರ್. ಹೆಡ್ಡಿನೊಳಗೆ ಸೆಕೆಂಡರಿ ಏರ್ (ಹೊಗೆ ಶುದ್ಧವಾಗಲು ಬಿಡುವ ಹೆಚ್ಚುವರಿ ಗಾಳಿ) ಹೋಗುವ ದಾರಿಯಲ್ಲಿ ಮಸಿ ಕಟ್ಟುವುದು ಬೇರೆ.

ನೋಡಲು ಹೋದರೆ ಒಂದೇ ಷರತ್ತು ಹಾಕಿ: ಇಂಜಿನ್ ತಣ್ಣಗಿರಬೇಕು. ನೀವು ಬರುವ ಮೊದಲು ಯಾರೂ ಸ್ಟಾರ್ಟ್ ಮಾಡಿರಬಾರದು. ಎಂ5ರ ಎಸ್62 ಇಂಜಿನ್ ತನ್ನ ಕಷ್ಟ ಹೇಳಿಕೊಳ್ಳುವುದು ಮೊದಲ ಕೆಲವು ಸೆಕೆಂಡುಗಳಲ್ಲಿ. ಡಬ್ಬದಲ್ಲಿ ನಟ್ಟು ಹಾಕಿ ಅಲ್ಲಾಡಿಸಿದ ಹಾಗೆ ಗಲಗಲ ಸದ್ದು ಬಂದು, ಆ ಸದ್ದು ನಿಂತುಹೋಗುತ್ತದೆ. ಒಮ್ಮೆ ಬಿಸಿಯಾದರೆ ಮೆತ್ತಗೆ ಕೂತುಬಿಡುತ್ತದೆ, ಏನೂ ಗೊತ್ತಾಗುವುದಿಲ್ಲ.

ಇನ್ನೊಂದು, ರೆವ್ ಮೀಟರಿನ ಸುತ್ತ ಸಣ್ಣ ದೀಪಗಳಿವೆ. ಆಯಿಲ್ ತಣ್ಣಗಿರುವಾಗ ಮೇಲಿನ ಆರ್‌ಪಿಎಂ ಮುಟ್ಟಬೇಡ ಅಂತ ಹೊತ್ತಿಕೊಂಡಿರುತ್ತವೆ, ಆಯಿಲ್ ಬಿಸಿಯಾದಂತೆ ಒಂದೊಂದಾಗಿ ಆರುತ್ತವೆ. ಮಾರುವವರು ಟೆಸ್ಟ್ ಡ್ರೈವಿನಲ್ಲಿ ಅವು ಆರುವ ತನಕ ಕಾಯುತ್ತಾರಾ ನೋಡಿ. ಕಾಯದವರ ಕಾರು ನನಗೆ ಬೇಡ. ಯಾವ ಆಯಿಲ್ ಹಾಕುತ್ತೀರಿ ಅಂತಲೂ ಕೇಳಿ. 10ಡಬ್ಲ್ಯು-60 ಅಂತ ತಕ್ಷಣ ಬಾಯಿಗೆ ಬರಬೇಕು.

ಮತ್ತೆ, ಇದನ್ನು ಎಂ5 ಇಟ್ಟುಕೊಂಡವರು ಹೇಳಬಾರದು, ಆದರೂ ಹೇಳುತ್ತೇನೆ. ಸ್ಟೀರಿಂಗ್ ನಿಮ್ಮದೇ ಚೆನ್ನಾಗಿದೆ. ಆರು ಸಿಲಿಂಡರಿನ ಇ39ಕ್ಕೆ ರ‍್ಯಾಕ್ ಅಂಡ್ ಪಿನಿಯನ್. ವಿ8 ಕೂರಿಸಿದ್ದಕ್ಕೆ ಜಾಗ ಸಾಲದೆ ಹಳೇ ಕಾಲದ ರೀಸರ್ಕ್ಯುಲೇಟಿಂಗ್ ಬಾಲ್ ಬಾಕ್ಸ್. ತಿರುವಿನಲ್ಲಿ ಆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ನಾಲ್ಕು_ಉಂಗುರ

ನಿಮ್ಮ ಕಷ್ಟ ಓದಿ ಹೊಟ್ಟೆ ಉರಿಯಿತು. ನನ್ನದು ಬಿ6 ಆಡಿ ಎಸ್4, 4.2 ವಿ8. ಟೈಮಿಂಗ್ ಚೈನ್ ಇಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆಗೆ. ಗೈಡ್ ಬದಲಿಸಬೇಕು ಅಂದರೆ ಇಂಜಿನ್ನೇ ಹೊರಗೆ ಬರಬೇಕು. ನೀವು ಬಾನೆಟ್ ಎತ್ತಿ ಎದುರಿಗೇ ಕೈ ಹಾಕಬಹುದಾದ ಪಂಪಿಗೆ ಪೋಸ್ಟ್ ಹಾಕಿದ್ದೀರಿ. ಸುಮ್ನೆ ಕೆಲಸ ಶುರು ಮಾಡಿ ಸರ್.

ಐನೂರು_ಇ

ಸ್ಪ್ಯಾನರ್ ಅವರ ಮಾತಿಗೆ ಅರ್ಧ ಒಪ್ಪಿಗೆ, ಅರ್ಧ ಇಲ್ಲ. ನನ್ನದು 1992ರ ಮರ್ಸಿಡಿಸ್ 500ಇ (ಡಬ್ಲ್ಯು124), ನಿಮ್ಮ ಕಾರಿಗಿಂತ ಹತ್ತು ವರ್ಷ ದೊಡ್ಡದು.

ವಯಸ್ಸಾದ ಪ್ಲಾಸ್ಟಿಕ್ ಬದಲಿಸಿ, ಅದರಲ್ಲಿ ಎರಡು ಮಾತಿಲ್ಲ. ಆದರೆ "ಎಲ್ಲಾ ಒಟ್ಟಿಗೇ" ಅನ್ನುವವರು ಎಲ್ಲಿಂದ ತಂದ ಪಾರ್ಟ್ ಅಂತ ಹೇಳುವುದೇ ಇಲ್ಲ. ಒಮ್ಮೆ ಒಳ್ಳೆಯ ಹಳೇ ಪಂಪ್ ಕಿತ್ತು, ಹೆಸರಿಲ್ಲದ ಹೊಸದು ಹಾಕಿದೆ. ಏಳು ತಿಂಗಳಿಗೆ ಬೇರಿಂಗ್ ಕೂಗಿತು. ತೆಗೆದ ಹಳೇದನ್ನು ಎಸೆದಿರಲಿಲ್ಲ, ಅದನ್ನೇ ತೊಳೆದು ಹಾಕಿದೆ. ಇನ್ನೂ ಓಡುತ್ತಿದೆ.

ಹಾಗಾಗಿ ಮೊದಲು ಹಳೇ ಪಾರ್ಟ್ ಮೇಲಿನ ಹೆಸರು ಓದಿ. ರೇಡಿಯೇಟರ್, ಟ್ಯಾಂಕ್ ಬೆಹರ್, ಸಸ್ಪೆನ್ಷನ್ ತೋಳು ಲೆಮ್‌ಫರ್ಡರ್, ಗ್ಯಾಸ್ಕೆಟ್ ಎಲ್ರಿಂಗ್, ಹೀಗೆ ಇರುತ್ತವೆ. ಅದೇ ಕಾರ್ಖಾನೆಯ ಪಾರ್ಟ್ ಕಾರು ಕಂಪನಿಯ ಡಬ್ಬಿ ಇಲ್ಲದೆಯೂ ಸಿಗುತ್ತದೆ. ಕೆಲವೊಮ್ಮೆ ಕಾರಿನ ಲಾಂಛನ ಇದ್ದ ಜಾಗವನ್ನು ಉಜ್ಜಿ ತೆಗೆದಿರುತ್ತಾರೆ. ನನಗೆ ಆ ಉಜ್ಜಿದ ಗುರುತು ಕಂಡರೇ ಸಮಾಧಾನ.

ಪಂಪಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಲೋಹದ್ದಿರಬೇಕಾ, ಪ್ಲಾಸ್ಟಿಕ್ಕಾ ಅಂತ ಜಗಳ ಇಲ್ಲಿ ಶುರು ಮಾಡಬೇಡಿ ಅಂತ ಕೈ ಮುಗಿಯುತ್ತೇನೆ.

ಹಳೇ_ಸ್ಪ್ಯಾನರ್

ಲೋಹದ್ದೇ ಇರಬೇಕು. :)

ಪಾರ್ಟ್ ವಿಷಯ ಸರಿ, ಒಪ್ಪಿದೆ. ನೇರ_ಆರು ಅವರೇ, ಕೆಲಸಕ್ಕೆ ಕೂರುವ ಮುಂಚೆ ಎರಡು ಮಾತು. ಫ್ಯಾನ್ ಹಿಡಿದಿರುವ ನಟ್ 32 ಮಿ.ಮೀ., ಅದರ ತ್ರೆಡ್ ಉಲ್ಟಾ. ಗಡಿಯಾರ ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲ. ಕೂಲೆಂಟ್ ತುಂಬುವಾಗ ಕೀ ಆನ್, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಕಡಿಮೆಗೆ. ಟ್ಯಾಂಕಿನ ಮೇಲಿನ ಬ್ಲೀಡ್ ಸ್ಕ್ರೂ (ಒಳಗಿನ ಗಾಳಿ ಬಿಡುವ ಸ್ಕ್ರೂ) ತೆರೆದು ನಿಧಾನಕ್ಕೆ ಸುರಿಯಿರಿ, ಗುಳ್ಳೆ ನಿಂತ ಮೇಲೆ ಮುಚ್ಚಿ. ಆ ಸ್ಕ್ರೂ ಪ್ಲಾಸ್ಟಿಕ್. ಬಲ ತೋರಿಸಬೇಡಿ.

ನೇರ_ಆರು

ಮೂರು ವಾರ ಆಯಿತು, ತಡವಾಗಿದ್ದಕ್ಕೆ ಕ್ಷಮೆ ಇರಲಿ.

ಮೆನು ತೆರೆಯಿತು. ನನ್ನ ಮೊತ್ತ 23, ಎರಡು ಸಲ ತಪ್ಪಿ ಮೂರನೇ ಸಲ ಸಿಕ್ಕಿತು. ಓಪನ್ ರಸ್ತೆಯಲ್ಲಿ 96-98. ಸಿಗ್ನಲ್ಲಿನಲ್ಲಿ ನಿಂತರೆ 103, 105, 107. ಮುಳ್ಳು ನಡುವಿನಲ್ಲೇ ಕೂತಿತ್ತು, ಏನೂ ಆಗಿಲ್ಲ ಅನ್ನುವ ಹಾಗೆ. ಅಂದಿನಿಂದ ಅದನ್ನು ಕಂಡರೆ ಸಿಟ್ಟು ಬರುತ್ತದೆ.

1.5 ಬಾರ್ ಹಾಕಿ ಹತ್ತು ನಿಮಿಷ ಬಿಟ್ಟೆ, 1.2ಕ್ಕೆ ಇಳಿದಿತ್ತು. ಎಲ್ಲೂ ಒದ್ದೆ ಇಲ್ಲ. ಕೊನೆಗೆ ಟ್ಯಾಂಕ್ ಬಿಚ್ಚಿ ತಿರುಗಿಸಿದಾಗ ಕಂಡಿತು. ರೇಡಿಯೇಟರಿಗೆ ಅಂಟಿಕೊಂಡ ಬದಿಯಲ್ಲಿ, ಕೆಳಗಿನ ಜೋಡಣೆ ಗೆರೆಯ ಉದ್ದಕ್ಕೂ ಬಿಳಿ ಪುಡಿ. ಉಗುರಿನಿಂದ ಕೆರೆದರೆ ಅದರಡಿ ಕೂದಲಿನಷ್ಟು ಬಿರುಕು. ಸೋರಿದ್ದೆಲ್ಲ ಬಿಸಿ ರೇಡಿಯೇಟರಿನ ಮೇಲೆ ಬಿದ್ದು ಆರುತ್ತಿತ್ತು. ನನ್ನ ರಟ್ಟು ಪಾಪ ಏನು ಹೇಳೀತು? ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದೆ, ಬಿಸ್ಕತ್ತಿನ ಹಾಗೆ ಮುರಿದು ಕೈಗೆ ಬಂತು. ಇದರ ಮೇಲೆ ಹೈವೇನಲ್ಲಿ ಹೋಗಿದ್ದೆ ಅಂತ ನೆನೆದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಟ್ಯಾಂಕ್, ಪಂಪ್, ಥರ್ಮೋಸ್ಟಾಟ್, ಹೋಸ್, ವಿಸ್ಕಸ್ ಕ್ಲಚ್ ಎಲ್ಲಾ ಬದಲಾಯಿತು. ಫ್ಯಾನ್ ನಟ್ಟನ್ನು, ನೀವು ಅಷ್ಟು ಹೇಳಿದ್ದರೂ, ಮೊದಲು ಉಲ್ಟಾ ದಿಕ್ಕಿಗೇ ಎಳೆದೆ. ಬ್ಲೀಡ್ ಸ್ಕ್ರೂ ಮುರಿದಿದ್ದೂ ಹೌದು, ಆದರೆ ಅದು ಹಳೇ ಟ್ಯಾಂಕಿನದ್ದು. ಈಗ ಎಸಿ ಹಾಕಿಕೊಂಡು ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತರೂ 101 ದಾಟುತ್ತಿಲ್ಲ.

ಎಂ5 ನೋಡಲೂ ಹೋಗಿದ್ದೆ. ತಣ್ಣಗಿರಲಿ ಅಂತ ಹಿಂದಿನ ದಿನವೇ ಫೋನ್ ಮಾಡಿ ಹೇಳಿದ್ದೆ. ಹೋದ ಕೂಡಲೇ ಮಾತಾಡುತ್ತಾ ಬಾನೆಟ್ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. "ನಿಮಗೆ ತೊಂದರೆ ಆಗಬಾರದು ಅಂತ ಒಂದು ರೌಂಡ್ ಹೋಗಿ ಬಂದೆ" ಅಂದರು. ಓಡಿಸಿದೆ. ಅಬ್ಬಾ, ಆ ಎಂಟು ಥ್ರಾಟಲ್! ಓಡಿಸಿ, ಥ್ಯಾಂಕ್ಸ್ ಹೇಳಿ, ನನ್ನ ಕಾರಿನಲ್ಲೇ ವಾಪಸ್ ಬಂದೆ.

ಒಂದೇ ಒಂದು ಅನುಮಾನ ಉಳಿದಿದೆ. ಕೆಲಸ ಮಾಡುವಾಗ ಆಯಿಲ್ ಫಿಲ್ಟರ್ ಕೂರುವ ಜಾಗದ ಕೆಳಗೆ ಕಪ್ಪು ಜಿಡ್ಡು ಕಂಡಿತು, ಆಲ್ಟರ್ನೇಟರ್ ಪಕ್ಕಕ್ಕೆ ಇಳಿದಿದೆ. ಒರೆಸಿ ಬಿಟ್ಟಿದ್ದೆ, ವಾರದಲ್ಲಿ ಮತ್ತೆ ಬಂದಿದೆ.

ಹಳೇ_ಸ್ಪ್ಯಾನರ್

ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್. ರಬ್ಬರ್ ಗಟ್ಟಿಯಾಗಿರುತ್ತದೆ. ಬೆಲ್ಟಿನ ಮೇಲೆ ಎಣ್ಣೆ ಬೀಳುವ ಮುಂಚೆ ಮಾಡಿಬಿಡಿ, ಒಂದು ಸಂಜೆಯ ಕೆಲಸ. ಬಿಚ್ಚಿದ ಮೇಲೆ ಹಳೇ ಗ್ಯಾಸ್ಕೆಟ್ ಬಗ್ಗಿಸಿ ಒಂದು ಫೋಟೋ ಹಾಕಿ. ಪಟ್ ಅಂತ ಮುರಿಯುತ್ತದೆ ಅಂತ ನನ್ನ ಪಂದ್ಯ.