ಲೆಕ್ಚರ್ ಕಮ್ಮಿ ಮಾಡಿ ಪಿಬಿಎಲ್ ಮಾಡಿದವರು ಇದ್ದೀರಾ?

ಪ್ರಶ್ನೆ: ಮೆಡಿಕಲ್ ಮೊದಲ ವರ್ಷದವರಿಗೆ ಫಿಸಿಯಾಲಜಿ ಹೇಳಿಕೊಡುತ್ತೇನೆ. ಮುಂದಿನ ಬ್ಯಾಚಿನಿಂದ ಅರ್ಧ ಲೆಕ್ಚರ್ ತೆಗೆದು ಪಿಬಿಎಲ್ (ಪ್ರಾಬ್ಲಮ್ ಬೇಸ್ಡ್ ಲರ್ನಿಂಗ್) ತರಬೇಕಂತೆ. ಅಂದರೆ ಒಂದು ಕೇಸ್ ಕೊಡೋದು, ಮಕ್ಕಳೇ ಓದಿಕೊಂಡು ಬಂದು ಗುಂಪಿನಲ್ಲಿ ಚರ್ಚೆ ಮಾಡೋದು. ನಿಜಕ್ಕೂ ಕಲೀತಾರಾ, ಇಲ್ಲ ಸುಮ್ನೆ ಮಾತಾಡಿ ಎದ್ದು ಹೋಗ್ತಾರಾ?

ಟ್ಯೂಟರ್ ಒಬ್ಬರು: ಎರಡೂ ಆಗುತ್ತೆ ಮೇಡಂ. ಕೇಸ್ ಹೇಗೆ ಬರೆದಿದ್ದೀರಿ ಅನ್ನೋದರ ಮೇಲಿದೆ. ನಾವು ಕೊಡುವ ಒಂದು ಕೇಸ್ ನೋಡಿ: ಹದಿಹರೆಯದ ಹುಡುಗ, ತೂಕ ಇಳಿದಿದೆ, ಬಾಯಾರಿಕೆ ಜಾಸ್ತಿ, ಈಗ ವಾಂತಿ, ಆಳವಾದ ಜೋರು ಉಸಿರಾಟ. ಓದಿ ಮುಗಿಸುವಷ್ಟರಲ್ಲಿ ಯಾರೋ ಒಬ್ಬರು ‘ಡಯಾಬಿಟಿಕ್ ಕೀಟೊಆಸಿಡೋಸಿಸ್’ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಹೆಚ್ಚಾಗುವ ಸ್ಥಿತಿ) ಅಂದುಬಿಡುತ್ತಾರೆ. ಗುಂಪಿನ ಉತ್ಸಾಹ ಅಲ್ಲಿಗೆ ಇಳಿಯುತ್ತೆ. ಅದಕ್ಕೇ ಈಗ ರೋಗದ ಹೆಸರನ್ನು ಮೊದಲ ಪುಟದಲ್ಲೇ ಹಾಕುತ್ತೇವೆ. ಕೇಳುವುದು ಬೇರೆ. ಶ್ವಾಸಕೋಶ ಚೆನ್ನಾಗಿದ್ದರೂ ಈ ಉಸಿರಾಟ ಯಾಕೆ? ರಕ್ತದಲ್ಲಿ ಪೊಟ್ಯಾಸಿಯಂ ನಾರ್ಮಲ್ ಇದ್ದರೂ ಇನ್ಸುಲಿನ್ ಜೊತೆ ಪೊಟ್ಯಾಸಿಯಂ ಯಾಕೆ ಕೊಡ್ತಾರೆ? ಎರಡನೆಯದಕ್ಕೆ ಚೆನ್ನಾಗಿ ಒದ್ದಾಡುತ್ತಾರೆ. ಮೂತ್ರದಲ್ಲಿ ಪೊಟ್ಯಾಸಿಯಂ ಎಷ್ಟೋ ಹೋಗಿದೆ, ಜೀವಕೋಶದ ಒಳಗಿನದು ಹೊರಗೆ ಬಂದು ಆ ಕೊರತೆ ಮುಚ್ಚಿದೆ, ಇನ್ಸುಲಿನ್ ಕೊಟ್ಟ ಕೂಡಲೇ ಅದು ಮತ್ತೆ ಒಳಗೆ ಹೋಗಿ ರಕ್ತದಲ್ಲಿ ಕುಸಿಯುತ್ತೆ. ಬೋರ್ಡ್ ಮೇಲೆ ಬಾಣ ಎಳೆದು, ಅಳಿಸಿ, ಮತ್ತೆ ಎಳೆದು ಅವರೇ ಇದನ್ನು ಬಿಡಿಸಬೇಕು. ಆ ಹೊತ್ತಿನಲ್ಲಿ ನೀವು ಬಾಯಿ ಬಿಡಬಾರದು. ವರ್ಷಗಟ್ಟಲೆ ಪಾಠ ಹೇಳಿದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ!

ಇನ್ನೊಂದು. ‘ನೀನು ಕಿಡ್ನಿ ಓದು, ನಾನು ಇನ್ಸುಲಿನ್ ಓದ್ತೀನಿ’ ಅಂತ ಹಂಚಿಕೊಳ್ಳೋಕೆ ಬಿಡಬೇಡಿ. ಓದಿ ಬಂದು ಚರ್ಚೆ ಮಾಡುವ ಎರಡನೇ ಸಿಟ್ಟಿಂಗ್ ಸೆಮಿನಾರ್ ಆಗಿಬಿಡುತ್ತೆ, ತನ್ನ ಪಾಲು ಒಪ್ಪಿಸಿದವರು ಆಮೇಲೆ ಮೊಬೈಲ್ ನೋಡುತ್ತಾ ಕೂರುತ್ತಾರೆ. ಎಲ್ಲರೂ ಎಲ್ಲವನ್ನೂ ಓದಿ ಬರಲಿ.

ಪಿಬಿಎಲ್‌ನಲ್ಲೇ ಓದಿದ ಒಬ್ಬರು: ಅನಾಟಮಿಗೆ ಲೆಕ್ಚರ್ ಬಿಡಬೇಡಿ, ದಯವಿಟ್ಟು. ಕೈಗೆ ಹೋಗುವ ನರಗಳ ಜಾಲ, ಬ್ರೇಕಿಯಲ್ ಪ್ಲೆಕ್ಸಸ್ ಅನ್ನು ಗೊತ್ತಿರುವವರು ಎದುರಿಗೆ ಬರೆದು ತೋರಿಸಿದರೆ ಒಂದೇ ಸಲಕ್ಕೆ ಅರ್ಥ ಆಗುತ್ತೆ, ಅದನ್ನು ಚರ್ಚೆ ಮಾಡೋದೇನಿದೆ? ನನಗೆ ನಿಜವಾಗಿ ದಕ್ಕಿದ್ದು ಆಸಿಡ್-ಬೇಸ್, ಅಂದರೆ ರಕ್ತದ ಆಮ್ಲ-ಕ್ಷಾರ ಸಮತೋಲನ. ಕೇಸಿನಲ್ಲಿ ಒದ್ದಾಡಿದ ಮೇಲೆ ಅದೇ ವಿಷಯಕ್ಕೆ ಲೆಕ್ಚರ್ ಇಟ್ಟಿದ್ದರು. ಯಾವ ಸ್ಲೈಡಿನಲ್ಲಿ ನನ್ನ ಡೌಟ್ ಬರುತ್ತೆ ಅಂತ ಕಾದು ಕೂತಿದ್ದೆ. ಮೊದಲೇ ಲೆಕ್ಚರ್ ಆಗಿದ್ದರೆ ನಿದ್ದೆ ಮಾಡುತ್ತಿದ್ದೆ ಅಲ್ವಾ?

ಮತ್ತೊಬ್ಬರು: ಪಿಬಿಎಲ್ ಪವಾಡ ಅಂತ ಮೀಟಿಂಗಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, 1974ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ಗೆ ಹೋಯಿತು. ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಎರಡು ದೊಡ್ಡ ವಿಮರ್ಶೆಗಳು 1993ರಲ್ಲಿ ಬಂದವು. ಬೇಸಿಕ್ ಸೈನ್ಸ್ ಪರೀಕ್ಷೆಯಲ್ಲಿ ಲೆಕ್ಚರ್‌ನವರು ಸ್ವಲ್ಪ ಮುಂದೆ, ಕ್ಲಿನಿಕಲ್ ಕಡೆ ಪಿಬಿಎಲ್‌ನವರು ಸ್ವಲ್ಪ ಮುಂದೆ, ಖುಷಿಯಾಗಿ ಓದಿದವರೂ ಇವರೇ. ವ್ಯತ್ಯಾಸ ಇಷ್ಟೇ. ಹಾಗಾಗಿ ಎಂಸಿಕ್ಯೂ ಪರೀಕ್ಷೆ ಹಾಗೇ ಉಳಿಸಿಕೊಂಡು ಪಿಬಿಎಲ್ ತಂದರೆ ಮಕ್ಕಳು ಓದೋದು ಎಂಸಿಕ್ಯೂಗೇ. ಮತ್ತೆ ಲೆಕ್ಕ ಹಾಕಿ: 150 ಜನರ ಬ್ಯಾಚ್, ಗುಂಪಿಗೆ 8ರಿಂದ 10 ಜನ ಅಂದರೂ ಕನಿಷ್ಠ 15 ಕೋಣೆ, 15 ಟ್ಯೂಟರ್, ಅದೂ ಒಂದೇ ಹೊತ್ತಿಗೆ. ಯಾರು ಬರ್ತಾರೆ ಅಂತ ಹೆಸರು ಬರೆಸಿಕೊಂಡು ಆಮೇಲೆ ಒಪ್ಪಿಕೊಳ್ಳಿ ಮೇಡಂ.