ಹದಿನೆಂಟು ಮನೆ, ನಾಲ್ಕು ಸೇರು ಅವರೆಕಾಳು

ಶಾಂತಿಗ್ರಾಮದ ಕಡೆ ಜಮೀನು ಕೊಂಡು, ಅವರವರ ಮನೆಯನ್ನು ಅವರವರ ಅಡುಗೆಮನೆಯೊಡನೆ ಕಟ್ಟಿಕೊಂಡು, ನಡುವೆ ಎಲ್ಲರಿಗೂ ಸೇರಿದ ದೊಡ್ಡದೊಂದು ಊಟದ ಮನೆಯನ್ನಿಟ್ಟು, ಮುಪ್ಪಿನಲ್ಲಿ ಒಬ್ಬರಿಗೊಬ್ಬರು ಆಗುವಂತೆ ಬಾಳೋಣವೆಂದು ಹಾಸನದ 18 ಕುಟುಂಬಗಳವರು ಎರಡು ವರ್ಷದ ಹಿಂದೆ ನಿಶ್ಚಯಿಸಿದ ದಿನ ಮೇಷ್ಟರ ಜಗಲಿಯ ಕೆಳಗೆ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಕಳೆದ ಭಾನುವಾರದ ಸಭೆಯಲ್ಲಿ ಏಳು ಜೊತೆ ಚಪ್ಪಲಿಗಳಿದ್ದವು. ಅವುಗಳಲ್ಲಿ ಎರಡು ಜೊತೆ ಆ ಮನೆಯವರದೇ.

"ಉಳಿದವರು ಹಾಸನಾಂಬೆಯಾಗಿದ್ದಾರೆ. ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ ದರ್ಶನ ಕೊಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ" ಎಂದರು ಬ್ಯಾಂಕಿನಿಂದ ನಿವೃತ್ತರಾದ ರಾಯರು.

"ಹೋಲಿಕೆ ಸರಿಯಿಲ್ಲ, ರಾಯರೇ. ಆ ಗುಡಿಯಲ್ಲಿ ಹಚ್ಚಿಟ್ಟ ದೀಪ ಮುಂದಿನ ವರ್ಷ ಬಾಗಿಲು ತೆರೆಯುವವರೆಗೂ ಆರುವುದಿಲ್ಲವೆಂದು ಜನ ನಂಬಿದ್ದಾರೆ. ನಮ್ಮವರ ಉತ್ಸಾಹ ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಆರಿಹೋಗುತ್ತದೆ" ಎಂದರು ಸಕಲೇಶಪುರದ ಬಳಿ ಕಾಫಿ ತೋಟವಿರುವ ಗೌಡರು.

ವಕೀಲರಿಗೆ ಹೋಲಿಕೆಗಳಲ್ಲಿ ನಂಬಿಕೆಯಿಲ್ಲ. ಸಭೆಗೆ ಬಾರದವರು ಮುಂದಿನ ಸಭೆಗೆ ಬಂದು "ಇದನ್ನು ಯಾವಾಗ ತೀರ್ಮಾನಿಸಿದಿರಿ?" ಎಂದು ಮೊದಲಿನಿಂದ ಶುರುಮಾಡುವುದೇ ಎಲ್ಲ ರೋಗಗಳ ಮೂಲವೆಂದೂ, ಆದುದರಿಂದ ಯಾವುದೇ ವಿಷಯ ತೀರ್ಮಾನವಾಗುವಾಗ ಜಗಲಿಯ ಮೇಲೆ ಇಲ್ಲದವರು, ಕಾರಣವೇನೇ ಇದ್ದರೂ, ಆ ತೀರ್ಮಾನಕ್ಕೆ ಬದ್ಧರೆಂದೂ ಅವರು ನಿಯಮವೊಂದನ್ನು ಓದಿದರು. "ಕಾರಣವೇನೇ ಇದ್ದರೂ" ಎಂಬ ಮಾತನ್ನು ಎರಡು ಸಲ ಓದಿದರು. ಯಾರೂ ಎದುರಾಡದ ಕಾರಣ ಅದು ಸರ್ವಾನುಮತದಿಂದ ಅಂಗೀಕಾರವಾಯಿತು.

ಆಗ ಮೇಷ್ಟರ ಹೆಂಡತಿ ರಾತ್ರಿ ನೆನೆಹಾಕಿದ್ದ ನಾಲ್ಕು ಸೇರು ಅವರೆಕಾಳನ್ನು ಮೊರದ ಸಮೇತ ನಮ್ಮ ನಡುವೆ ತಂದಿಟ್ಟು, "ಬಾಯಿಗೆ ಕೆಲಸವಿದೆ, ಕೈ ಸುಮ್ಮನಿದೆಯಲ್ಲ" ಎಂದು ಒಳಗೆ ಹೋದರು. ನಾವು ಕಾಳು ಹಿತಕಲು ತೊಡಗಿದೆವು.

ಮೇಷ್ಟರು ಡೆನ್ಮಾರ್ಕಿನ ಮಾತೆತ್ತಿದರು. ಎತ್ತದೆ ಇದ್ದ ಸಭೆ ನನಗೆ ನೆನಪಿಲ್ಲ. ಹೀಗೆ ಕೂಡಿ ಬಾಳುವ ಬಡಾವಣೆಯ ಯೋಚನೆಯನ್ನು 1964ರಲ್ಲಿ ಮಿತ್ರರೊಡನೆ ಹೊಸೆದ ವಾಸ್ತುಶಿಲ್ಪಿ ಯಾನ್ ಗುಡ್ಮಂಡ್ ಹೋಯರ್ ಕೋಪನ್‌ಹೇಗನ್ನಿನ ಹೊರವಲಯದಲ್ಲಿ ಜಾಗವನ್ನೂ ಕೊಂಡರಂತೆ. ಸುತ್ತಲಿನವರು ತಕರಾರು ತೆಗೆದುದರಿಂದ ಅದು ಮುರಿದುಬಿತ್ತು. ಪ್ರತಿ ಮಗುವಿಗೂ ನೂರು ಮಂದಿ ತಂದೆತಾಯಿಗಳಿರಬೇಕೆಂದು ಬೋದಿಲ್ ಗ್ರೋ ಎಂಬ ಲೇಖಕಿ 1967ರಲ್ಲಿ ಪತ್ರಿಕೆಯಲ್ಲಿ ಬರೆದ ಮೇಲೆ ಮತ್ತೆ ಜನ ಕೂಡಿದರು.

"ನನಗೆ ಇಬ್ಬರೇ ಇದ್ದರು, ಮೇಷ್ಟ್ರೇ. ಇಬ್ಬರ ಏಟನ್ನೇ ತಡೆಯಲಾಗುತ್ತಿರಲಿಲ್ಲ" ಎಂದರು ಗೌಡರು.

"ಕೊನೆಗೆ 1972ರಲ್ಲಿ 27 ಮನೆಗಳ ಸೆಟ್ಟೆಡಾಮೆನ್ ಎದ್ದು ನಿಂತಿತು."

"ಅಲ್ಲಿಯೂ ಶೆಟ್ಟರಿದ್ದರೇ?"

ಮೇಷ್ಟರು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ. "1964ರಿಂದ 1972ಕ್ಕೆ ಎಂಟು ವರ್ಷ. ನಮಗಿನ್ನೂ ಎರಡೇ ಆಗಿದೆ" ಎಂದರು.

"ಅವರು ಎಂಟು ವರ್ಷವೂ ಜಗಲಿಯ ಮೇಲೆ ಕುಳಿತು ಗೋಡೆಯ ಬಣ್ಣ ಚರ್ಚಿಸಲಿಲ್ಲವೆಂದು ಕಾಣುತ್ತದೆ" ಎಂದರು ಡಾಕ್ಟರಮ್ಮ. ಪಹಣಿ ಕೈಗೆ ಬರುವ ಮೊದಲೇ ನಾವು ಮೂರು ಸಭೆಗಳನ್ನು ಕಾಂಪೌಂಡಿನ ಬಣ್ಣಕ್ಕೆ ಕೊಟ್ಟಿದ್ದೆವು. ಅದರಲ್ಲಿ ಮಾತನಾಡಿದವರು ಮೂವರು. ನಾನೂ ಒಬ್ಬನೆಂದು ಒಪ್ಪಿಕೊಳ್ಳಬೇಕಾಗಿದೆ.

ಡಾಕ್ಟರಮ್ಮನವರು ಕಾಳಿನಿಂದ ತಲೆಯೆತ್ತದೆ ಮುಂದುವರಿಸಿದರು: "ನಾವು ಜನರನ್ನು ಅಭಿಪ್ರಾಯ ಹೇಳಲು ಕರೆಯುತ್ತಿದ್ದೇವೆ. ಅಭಿಪ್ರಾಯವಿದ್ದವನು ಒಂದು ಸಲ ಹೇಳಿ ಮುಗಿಸಿದ ಮೇಲೆ ಮತ್ತೆ ಬರಲು ಕಾರಣವಿಲ್ಲ. ಇಲ್ಲದವನಿಗೆ ಮೊದಲ ಸಲ ಬರಲೂ ಕಾರಣವಿರಲಿಲ್ಲ. ಅಂಥ ಬಡಾವಣೆಗಳಲ್ಲಿ ವಾರದಲ್ಲಿ ಕೆಲವು ದಿನ ಒಟ್ಟಿಗೆ ಊಟವಂತೆ, ಅಡುಗೆ ಸರದಿಯ ಮೇಲಂತೆ. ತನ್ನ ಸರದಿಯ ದಿನ ಬಾರದವನಿಗೆ ಎಲ್ಲರ ಹೊಟ್ಟೆಯೂ ಛೀಮಾರಿ ಹಾಕುತ್ತದೆ. ನಮ್ಮ ಸಭೆಗೆ ಬಾರದವನಿಗಾಗಿ ಈ ಊರಿನಲ್ಲಿ ಯಾವ ಒಲೆಯೂ ಕಾಯುತ್ತಿಲ್ಲ."

ಇಷ್ಟು ಹೊತ್ತಿನಲ್ಲಿ ರಾಯರು ಗಡಿಯಾರ ನೋಡಿ ಬೆಚ್ಚಿದರು. ಹನ್ನೊಂದಕ್ಕೆ ಏಳುವ ಸಭೆಯಲ್ಲಿ ಹನ್ನೆರಡೂವರೆಯಾಗಿತ್ತು, ಯಾರೂ ಆಕಳಿಸಿರಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಹದಿನಾಲ್ಕು ತಿಂಗಳಿನಿಂದ ಜಗಳಕ್ಕೆ ಕಾರಣವಾಗಿದ್ದ ಕೊಳವೆಬಾವಿಯ ಜಾಗವನ್ನು, ಮೂರನೆಯ ಸೇರಿನ ನಡುವೆ ಎಲ್ಲೋ, ಗೌಡರೂ ರಾಯರೂ ಒಬ್ಬರ ಮುಖವನ್ನೊಬ್ಬರು ನೋಡದೆಯೇ ಒಪ್ಪಿಕೊಂಡುಬಿಟ್ಟಿದ್ದರು. ಎದುರಾಳಿಯ ಮುಖ ನೋಡುತ್ತ ಸೋಲೊಪ್ಪುವುದು ಯಾರಿಗಾದರೂ ಕಷ್ಟ. ಮೊರವನ್ನು ನೋಡುತ್ತ ಒಪ್ಪುವುದಕ್ಕೆ ಅಂಥ ಅವಮಾನವೇನಿಲ್ಲ.

"ಹಾಗಾದರೆ ಮುಂದಿನ ತಿಂಗಳು ಸಭೆಯೆಂದು ಕರೆಯುವುದೇ ಬೇಡ. ಹತ್ತು ಸೇರು ಕಾಳು ನೆನೆದಿದೆ, ಕೈಗಳು ಸಾಲದಾಗಿವೆ ಎಂದು ಹೇಳಿಕಳುಹಿಸೋಣ. ಹಿತಕಿದ ಬೇಳೆಯ ಸಾರಿದೆಯೆಂಬುದನ್ನು ಕೊನೆಯಲ್ಲಿ, ಮರೆತವರಂತೆ ಸೇರಿಸೋಣ" ಎಂದರು ಗೌಡರು.

"ಅವರೆ ಮುಗಿದ ಮೇಲೆ?" ಎಂದು ನಾನು ಕೇಳಿದೆ.

"ಬಿಸಿಲು ಬಂದರೆ ಹಪ್ಪಳ, ಅದರ ಹಿಂದೆಯೇ ಮಾವಿನಕಾಯಿ" ಎಂಬ ಉತ್ತರ ಅಡುಗೆಮನೆಯಿಂದ ಬಂತು. "ಆದರೆ ಹಪ್ಪಳದ ಹಿಟ್ಟನ್ನು ಒನಕೆಯಿಂದ ಕುಟ್ಟುವವರು ಯಾರೆಂದು ಈಗಲೇ ಹೇಳಿಬಿಡಿ."

ಜಗಲಿಯ ಮೇಲೆ ಮೌನ ಕವಿಯಿತು. ಗೌಡರು ತಮ್ಮ ಮೊಣಕೈಯನ್ನು ನೋಡಿಕೊಂಡರು. ರಾಯರು ಬೆನ್ನು ಮುಟ್ಟಿಕೊಂಡರು. ಅದೇ ಸಮಯಕ್ಕೆ ಕಕ್ಷಿದಾರರ ಫೋನು ಬಂದದ್ದರಿಂದ ವಕೀಲರು "ಒಂದು ನಿಮಿಷ" ಎನ್ನುತ್ತ ಎದ್ದು, ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಹೋದರು.

ಅವರು ಹಿಂದಿರುಗಿದಾಗ ಮೇಷ್ಟರು ತೀರ್ಮಾನವನ್ನು ನೋಟುಪುಸ್ತಕದಲ್ಲಿ ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದರು.